ತೊಟ್ಟಿಗೆ ಹಾಕಿದ ಹೆಪ್ಪು

ಇನ್ನೂ ಮುನಿಸು ಬಿಡದ ನನ್ನ ಅಕ್ಕನಿಗೆ,

ಫೋನ್ ಮಾಡಿದರೆ ಕಟ್ ಮಾಡುತ್ತೀಯ. ಚಿಕ್ಕಮ್ಮನ ಫೋನಿಗೆ ಮಾಡಿದರೆ, “ಅವಳು ಸ್ನಾನಕ್ಕೆ ಹೋಗಿದ್ದಾಳೆ ಕಣೇ” ಅನ್ನುತ್ತಾಳೆ. ಹದಿನಾಲ್ಕು ತಿಂಗಳಿಂದ ಸ್ನಾನ ಮಾಡುತ್ತಲೇ ಇರುವ ಹೆಂಗಸು ಈ ಲೋಕದಲ್ಲಿ ನೀನೊಬ್ಬಳೇ ಇರಬೇಕು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಹರಿದು ಬಿಸಾಡುವುದಾದರೆ ಬಿಸಾಡು, ಆದರೆ ಈ ಒಂದು ಮಾತು ಓದಿಕೊಂಡು ಆಮೇಲೆ ಹರಿ: ಅಳಿವೆಯ ಚಿಪ್ಪಿನ ದಿಬ್ಬ ಬರುವ ಸೋಮವಾರ ತೆರೆಯುತ್ತದೆ.

ಓದಿದೆಯಾ? ಇನ್ನೊಂದು ಸಲ ಓದು. ಮೂರು ತಿಂಗಳು, ತಿಂಗಳಿಗೊಂದು ಸಲ ಬಂದು ಅಳಿವೆಯ ನೀರು ತೆಗೆದುಕೊಂಡು ಹೋದರು. ಚಿಪ್ಪನ್ನೂ ಒಡೆದು ಪರೀಕ್ಷೆ ಮಾಡಿದರು. ಪ್ರಯೋಗಾಲಯದ ಮೇಡಂ ನೆನಪಿದ್ದಾರಲ್ಲ, ನಕ್ಕರೆ ಹಲ್ಲು ಉದುರುತ್ತದೆ ಅನ್ನುವ ಹಾಗೆ ಇರುತ್ತಿದ್ದವರು? ಈ ಸಲ ವರದಿ ಕೈಗೆ ಕೊಡುವಾಗ ಅವರೂ ಸ್ವಲ್ಪ ನಕ್ಕರು. “ಇನ್ನು ಆರಿಸಬಹುದು, ಮಾರಬಹುದು, ತಿನ್ನಬಹುದು” ಅಂದರು. ನಾನು ಅವರ ಎದುರಿಗೇ ಗೊಳೋ ಎಂದು ಅತ್ತುಬಿಟ್ಟೆ. ಪಾಪ, ಅವರಿಗೆ ಗಾಬರಿಯಾಗಿ, “ಅಲ್ಲಮ್ಮ, ಚೆನ್ನಾಗಿದೆ ಅಂತಾನೇ ನಾನು ಹೇಳಿದ್ದು” ಎಂದು ಮತ್ತೆ ಮೊದಲಿನಿಂದ ಹೇಳತೊಡಗಿದರು.

ಇದನ್ನು ನಮ್ಮ ಕೊಳಚೆ ನೀರಿನ ಘಟಕದ ಕೋಣೆಯಲ್ಲೇ ಕೂತು ಬರೆಯುತ್ತಿದ್ದೇನೆ. ನಿನಗೆ ಗೊತ್ತೇ ಇದೆಯಲ್ಲ, ಬೆಳಿಗ್ಗೆ ಕೊಳಚೆಗೆ ಗಾಳಿ ಊದುವ ತೊಟ್ಟಿಯಿಂದ ಒಂದು ಲೀಟರ್ ಮೊಗೆದು ಗಾಜಿನ ಜಾಡಿಗೆ ಸುರಿದರೆ, ಕೆಸರು ಕೆಳಗೆ ಕೂತು ನೀರು ಮೇಲೆ ತಿಳಿಯಾಗಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ನಾನು ಎಲ್ಲಿಗೂ ಹೋಗುವಂತಿಲ್ಲ. ಹಿಂದೆಲ್ಲ ಸರಿಯಾಗಿ ಅದೇ ಹೊತ್ತಿಗೆ ನೀನು ದಿಬ್ಬದಿಂದ ಚಿಪ್ಪಿನ ಬುಟ್ಟಿ ಹೊತ್ತು ಬರುತ್ತಿದ್ದೆ. ಒಳಗೆ ಕಾಲಿಡುತ್ತಿರಲಿಲ್ಲ, ಮಹಾರಾಣಿ! ಬಾಗಿಲಲ್ಲೇ ನಿಂತು, ತೋಳಿನಿಂದ ಮೂಗು ಮುಚ್ಚಿಕೊಂಡು, “ಏನೇ, ನಿನ್ನ ಕಷಾಯ ಇಳೀತಾ? ನಿನ್ನ ಹುಳಗಳಿಗೆಲ್ಲ ತಿಂಡಿ ಆಯ್ತಾ?” ಎಂದು ಕೇಳುತ್ತಿದ್ದೆ. ನಾನು ಸಿಡುಕುತ್ತಿದ್ದೆ. ಈಗ ಆ ಬಾಗಿಲಲ್ಲಿ ಬೆಕ್ಕು ಕೂರುತ್ತದೆ. ಬೆಕ್ಕಿನ ಹತ್ತಿರ ಸಿಡುಕಿ ಏನು ಬಂತು?

ದಿನಕ್ಕೊಂದು ಅರ್ಧ ಗಂಟೆಯಂತೆ ಬರೆಯುತ್ತೇನೆ. ಅಕ್ಷರ ಒಂದೊಂದು ಕಡೆ ಒಂದೊಂದು ಥರ ಇದ್ದರೆ ಬೈಯಬೇಡ.

ನನಗೆ ಏಳು ವರ್ಷ ಆಗಿದ್ದಾಗಿನ ಮಾತು. ಅಮ್ಮ ಹೋಗಿ ವರ್ಷವಾಗಿತ್ತು, ಅಪ್ಪ ದೋಣಿಯ ಮೇಲೆ. ನಮ್ಮ ಓಣಿಗೆಲ್ಲ ಒಂದೇ ಬಾವಿ, ಬಾವಿಯಿಂದ ಹತ್ತು ಹೆಜ್ಜೆಗೆ ಯಾರದೋ ಗುಂಡಿ. ವಾಂತಿ ಭೇದಿ ಬಂದು ಓಣಿಯ ಎರಡು ಮಕ್ಕಳು ಹೋಗಿಬಿಟ್ಟವು. ಮೂರನೆಯವಳು ನಾನು. ನಿನಗಾಗ ಹದಿನಾರು. ಚಮಚದಲ್ಲಿ ಉಪ್ಪು ಸಕ್ಕರೆ ನೀರು ಕುಡಿಸುತ್ತ ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತದ್ದು ನನಗೆ ಮಸುಕಾಗಿ ನೆನಪಿದೆ. “ಕುಡಿ, ಕುಡೀದಿದ್ರೆ ನಿನ್ನ ಬೊಂಬೆ ಪಕ್ಕದ ಮನೆಯವಳಿಗೆ ಕೊಟ್ಬಿಡ್ತೀನಿ” ಎಂದು ಹೆದರಿಸಿದ್ದಂತೂ ಚೆನ್ನಾಗಿ ನೆನಪಿದೆ. ನರ್ಸಮ್ಮ ಬಂದು ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವುದನ್ನು ಹೇಳಿಕೊಟ್ಟರು. ಅವರು ಹೇಳಿದ ಅಳತೆಯನ್ನು ಗೋಡೆಯ ಮೇಲೆ ಇದ್ದಿಲಲ್ಲಿ ಬರೆದುಕೊಂಡು, ವಾರ ವಾರವೂ ತಪ್ಪದೆ ಹಾಕಿದವಳು ನೀನು. ಆಮೇಲೆ ಓಣಿಯಲ್ಲಿ ಒಂದು ಮಗುವೂ ಹೋಗಲಿಲ್ಲ.

ಅಂದಿನಿಂದ ನಿನಗೆ ಆ ಪುಡಿಯೇ ದೇವರು. ನೆಲಕ್ಕೆ ಪುಡಿ, ಚರಂಡಿಗೆ ಪುಡಿ, ಬಚ್ಚಲಿಗೆ ಪುಡಿ. ನನ್ನ ಒಂದೇ ಒಂದು ನೀಲಿ ಫ್ರಾಕಿಗೂ ಪುಡಿ ಬಿದ್ದು, ಅರ್ಧ ಬಿಳಿ ಅರ್ಧ ನೀಲಿ ಆದಾಗ, “ಆಕಾಶದ ಥರ ಇದೆ, ಹಾಕ್ಕೋ” ಅಂದೆಯಲ್ಲ, ಭಂಡಿ! ನಾನು ಅದನ್ನೇ ಎರಡು ವರ್ಷ ಹಾಕಿಕೊಂಡೆ.

ಮುಂದೆ ಎಂಬತ್ತಾರು ಮನೆಗೂ ಕೊಳವೆ ಜೋಡಿಸಿ, ಗುಂಡಿಗಳನ್ನೆಲ್ಲ ಮುಚ್ಚಿಸಿ, ಊರಿನ ಕೊಳಚೆ ನೀರನ್ನೆಲ್ಲ ಒಂದೇ ಕಡೆ ತಂದು ಶುದ್ಧ ಮಾಡುವ ಈ ಘಟಕ ಕಟ್ಟಿದಾಗ, ನಾನು ತರಬೇತಿಗೆ ಹೋಗುತ್ತೇನೆ ಅಂದೆ. ಮೂಗು ಮುರಿಯದವರು ಯಾರು? ನೀನು ಮಾತ್ರ ಚಿಪ್ಪು ಮಾರಲು ಹೋದ ಕಡೆಯಲ್ಲೆಲ್ಲ, “ನನ್ನ ತಂಗಿ ಇಡೀ ಊರು ತೊಳೀತಾಳೆ, ನಿಮ್ಮ ಮಕ್ಕಳು ಏನು ಮಾಡ್ತಾರೆ?” ಎಂದು ಜಂಬ ಕೊಚ್ಚುತ್ತಿದ್ದೆಯಂತೆ. ನನ್ನ ಮುಂದೆ ಒಂದು ದಿನವೂ ಹೇಳಲಿಲ್ಲ. ನನಗದು ಗೊತ್ತಾದದ್ದು ನೀನು ಹೋದ ಮೇಲೆ.

ಈಗ ಆ ದಿನದ ಮಾತು. ಬಿಟ್ಟುಬಿಡೋಣ ಅನ್ನಿಸುತ್ತದೆ, ಆದರೆ ಬಿಟ್ಟರೆ ಈ ಕಾಗದಕ್ಕೆ ಅರ್ಥವೇ ಇಲ್ಲ.

ಘಟಕ ಶುರುವಾಗಿ ಐದು ತಿಂಗಳಾಗಿತ್ತು. ಮಾರನೆಯ ದಿನ ದೊಡ್ಡ ಅಧಿಕಾರಿಗಳು ನೋಡಲು ಬರುವವರಿದ್ದರು. ಹಾಳಾದ್ದು ಅವತ್ತೇ ಗಾಳಿ ಊದುವ ಯಂತ್ರದ ಬೆಲ್ಟ್ ಹರಿಯಿತು. ಗಾಳಿ ನಿಂತರೆ ತೊಟ್ಟಿಯಲ್ಲಿ ಕೊಳೆ ತಿನ್ನುವ ಜೀವಿಗಳಿಗೆ ಉಸಿರು ಕಟ್ಟುತ್ತದೆ, ನಾತ ಏಳುತ್ತದೆ. ಪೇಟೆಗೆ ಓಡಿ ಹೊಸ ಬೆಲ್ಟ್ ತರಬೇಕಿತ್ತು. ಬೀಗದ ಕೈ ನಿನ್ನ ಕೈಗೆ ತುರುಕಿ, ಗಂಟೆಗೊಂದು ಸಲ ಚಿಕ್ಕ ಪಂಪ್ ಹಾಕಿ ನೀರು ಕಲಕು ಎಂದು ಹೇಳಿ ಬಸ್ಸಿಗೆ ಓಡುತ್ತಿದ್ದೆ. ನೀನು ಹಿಂದೆಯೇ ಬಂದು, “ಅಲ್ಲ ಕಣೇ, ಇಷ್ಟು ನಾರ್ತಿದೆಯಲ್ಲ, ನಾಳೆ ಅವರು ಬಂದ್ರೆ ನಿನ್ನ ಮರ್ಯಾದೆ ಏನಾಗತ್ತೆ? ನಾತ ಹೋಗೋಕೆ ಏನು ಮಾಡ್ಲಿ?” ಎಂದು ಕೇಳಿದೆ. ನಾನು ತಿರುಗಿಯೂ ನೋಡಲಿಲ್ಲ. “ಮನೇಲಿ ಏನು ಮಾಡ್ತೀಯೋ ಅದನ್ನೇ ಮಾಡು, ನನ್ನ ತಲೆ ತಿನ್ಬೇಡ” ಅಂದೆ.

ನೀನು ಮನೆಯಲ್ಲಿ ಏನು ಮಾಡುತ್ತೀಯ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಮಧ್ಯಾಹ್ನ ಬೆಲ್ಟ್ ಹಿಡಿದುಕೊಂಡು ಬಂದೆ. ದೂರದಿಂದಲೇ ಗೊತ್ತಾಯಿತು, ನಾತ ಇರಲಿಲ್ಲ. ನೀನು ತೊಟ್ಟಿಯ ಕಟ್ಟೆಯ ಮೇಲೆ ಖಾಲಿ ಚೀಲ ಎರಡನ್ನು ಮಡಚಿಟ್ಟುಕೊಂಡು, ಕೈಯೆಲ್ಲ ಬೆಳ್ಳಗೆ ಮಾಡಿಕೊಂಡು ನಿಂತಿದ್ದೆ. ಮೊದಲ ಸಲ ಮೂಗು ಮುಚ್ಚಿರಲಿಲ್ಲ. “ನೋಡು ಬಾ, ಹೇಗೆ ಮಾಡಿದ್ದೀನಿ! ಒಂದು ಚೂರು ವಾಸನೆ ಇಲ್ಲ” ಅಂದೆ. ನಿನ್ನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಎರಡು ಚೀಲ ಪುಡಿ, ಅದೂ ಅಂಗಡಿಯಿಂದ ತಲೆಯ ಮೇಲೆ ಹೊತ್ತು ತಂದದ್ದು. ನಾನು ಓಡಿ ಜಾಡಿಗೆ ಮೊಗೆದೆ, ಕೆಸರು ಬೂದಿಯ ಬಣ್ಣಕ್ಕೆ ತಿರುಗಿತ್ತು. ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದೆ. ಬೆಳಿಗ್ಗೆ ಓಡಾಡುತ್ತಿದ್ದವುಗಳಲ್ಲಿ ಒಂದೂ ಅಲುಗಾಡಲಿಲ್ಲ. ಬಾವಿಯಲ್ಲಿ ರೋಗದ ಹುಳ ಕೊಲ್ಲುವ ಪುಡಿ, ತೊಟ್ಟಿಯಲ್ಲಿ ನಮ್ಮ ಪರವಾಗಿ ದುಡಿಯುತ್ತಿದ್ದ ಹುಳವನ್ನೂ ಕೊಂದಿತ್ತು. ಪಾಪ, ಪುಡಿಗೇನು ಗೊತ್ತು ಯಾವುದು ಯಾರ ಕಡೆಯದು ಅಂತ.

ಆಮೇಲಿನದು ನಿನಗೂ ಗೊತ್ತು. ಗುಂಡಿಗಳನ್ನು ಮುಚ್ಚಿಸಿಬಿಟ್ಟಿದ್ದೆವಲ್ಲ, ಎಂಬತ್ತಾರು ಮನೆಯ ನೀರು ಸತ್ತ ತೊಟ್ಟಿಯನ್ನು ಹಾದು ಹಾಗೇ ಅಳಿವೆಗೆ ಹೋಯಿತು. ಮೂರನೆಯ ವಾರ ಪ್ರಯೋಗಾಲಯದವರು ಬಂದು ದಿಬ್ಬಕ್ಕೆ ಕೆಂಪು ಹಲಗೆ ನೆಟ್ಟರು. ಚಿಪ್ಪು ಆರಿಸಿ ಬದುಕುತ್ತಿದ್ದ ಹನ್ನೊಂದು ಹೆಂಗಸರ ಕೆಲಸ ನಿಂತಿತು. ಹನ್ನೊಂದರಲ್ಲಿ ನೀನೂ ಒಬ್ಬಳು.

ಸಭೆಯಲ್ಲಿ ದೋಣಿ ಕಟ್ಟುವ ತಾತ, ನಮ್ಮ ಸಮಿತಿಯ ಯಜಮಾನ, ನಿನ್ನನ್ನು ನಿಲ್ಲಿಸಿ ಕೇಳಿದ. “ಪುಡಿ ಹಾಕು ಅಂತ ನಿನಗೆ ಯಾರಮ್ಮ ಹೇಳಿದ್ದು?” ನೀನು ನನ್ನ ಕಡೆ ನೋಡಿದೆ. ಒಂದೇ ಕ್ಷಣ. ನನ್ನ ಕೆಲಸ ನಿನ್ನ ನಾಲಿಗೆಯ ತುದಿಯಲ್ಲಿತ್ತು. “ಯಾರೂ ಹೇಳ್ಲಿಲ್ಲ, ನಂದೇ ಬುದ್ಧಿ” ಅಂದೆ. ನಾನು ತುಟಿ ಪಿಟಕ್ಕೆನ್ನಲಿಲ್ಲ. ಅಷ್ಟಕ್ಕಾದರೂ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಹೊರಗೆ ಬಂದ ಮೇಲೆ, ಆ ಹನ್ನೊಂದು ಮನೆಯವರೆಲ್ಲ ಕೇಳುವ ಹಾಗೆ, ದೊಡ್ಡ ಗಂಟಲಲ್ಲಿ ನಿನ್ನ ಮೇಲೆ ಹರಿಹಾಯ್ದೆ. “ನೀನು ಕೈ ಹಾಕಿದ್ದು ಯಾವುದು ಉಳಿದಿದೆ ಹೇಳು!” ಅಂದೆ.

ನೀನು ಮಾರನೆಯ ಬೆಳಿಗ್ಗೆ ಚಿಕ್ಕಮ್ಮನ ಊರಿನ ಬಸ್ಸು ಹತ್ತಿದೆ.

ಅಕ್ಕ, ಅದಕ್ಕೆ ಉತ್ತರ ನಿನ್ನ ಹತ್ತಿರ ಇತ್ತು. ಮುಖಕ್ಕೆ ಹೊಡೆದ ಹಾಗೆ ಹೇಳಬಹುದಾಗಿತ್ತು. ನೀನು ಕೈ ಹಾಕಿದ್ದರಲ್ಲಿ ಉಳಿದದ್ದು ನಾನು. ಏಳು ವರ್ಷದವಳನ್ನು ನೀನು ಉಳಿಸಿಕೊಂಡೆ, ಅವಳು ಬೆಳೆದು ದೊಡ್ಡವಳಾಗಿ ನಿನ್ನನ್ನು ಬೀದಿಯಲ್ಲಿ ನಿಲ್ಲಿಸಿ ಹಾಗೆ ಕೇಳಿದಳು. ಇದು ನನಗೆ ಹೊಳೆದದ್ದು ನಿನ್ನ ಬಸ್ಸು ಹೋದ ಮೂರು ದಿನದ ಮೇಲೆ, ಇದೇ ಜಾಡಿಯ ಮುಂದೆ. ಹೊಳೆದ ಮೇಲೆ ಊಟ ಸೇರಲಿಲ್ಲ.

ಇವತ್ತಿನ ಜಾಡಿ ತಿಳಿಯಾಯಿತು. ಉಳಿದದ್ದು ನಾಳೆ ಬರೆಯುತ್ತೇನೆ.

ನಿನ್ನೆ ಬರೆದದ್ದನ್ನು ಓದಿದೆ. ಹರಿದುಹಾಕಬೇಕು ಅನ್ನಿಸಿತು, ಹರಿಯಲಿಲ್ಲ. ಇವತ್ತು ಸ್ವಲ್ಪ ಒಳ್ಳೆಯ ಸುದ್ದಿ ಹೇಳುತ್ತೇನೆ, ಸತ್ತ ತೊಟ್ಟಿ ಹೇಗೆ ಎದ್ದಿತು ಅಂತ.

ಪಕ್ಕದ ಊರಿನ ಘಟಕದವನನ್ನು ನೀನು ನೋಡಿಲ್ಲ. ಎಲ್ಲರೂ ಅವನನ್ನು ಗೊಣಗಪ್ಪ ಅನ್ನುತ್ತಾರೆ, ಎದುರಿಗೂ. ಅವನ ಹತ್ತಿರ ಹೋಗಿ ಅಳುಮುಖ ಮಾಡಿಕೊಂಡು ನಿಂತೆ. “ಯಾವ ಪುಣ್ಯಾತ್ಮ ಪುಡಿ ಹಾಕಿದ್ದು?” ಅಂತ ಕೇಳಿದ. ಅಕ್ಕ ಅಂದೆ. “ಒಳ್ಳೆ ಅಕ್ಕ” ಎಂದು ಗೊಣಗಿದ. ಆದರೂ ತನ್ನ ತೊಟ್ಟಿಯ ಕೆಸರನ್ನು ಆರು ಡ್ರಮ್ಮಿಗೆ ತುಂಬಿಕೊಟ್ಟ. “ಹಾಲಿಗೆ ಹೆಪ್ಪು ಹಾಕಲ್ವಾ, ಹಾಗೇ. ಜೀವ ಇರೋದನ್ನ ಸ್ವಲ್ಪ ಹಾಕು, ಉಳಿದದ್ದನ್ನ ಅದೇ ನೋಡಿಕೊಳ್ಳತ್ತೆ” ಅಂದ. ಇಷ್ಟು ಸರಳವಾಗಿ ತರಬೇತಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಆತುರಗಾರ್ತಿ ಅಲ್ಲವಾ, ಪುಡಿಯ ಖಾರ ಇನ್ನೂ ಪೂರ್ತಿ ಹೋಗುವ ಮೊದಲೇ ಆರೂ ಡ್ರಮ್ ಸುರಿದೆ. ಎರಡೇ ದಿನಕ್ಕೆ ಎಲ್ಲ ಸತ್ತವು. ಮತ್ತೆ ಹೋದೆ. ಗೊಣಗಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಅಕ್ಕ ತಂಗಿ ಇಬ್ರೂ ಒಂದೇ ಅಚ್ಚು” ಅಂದ. ಅಕ್ಕ, ಆ ಮಾತಿಗೆ ನನಗೆ ಸಿಟ್ಟು ಬರಬೇಕಿತ್ತು. ಕಣ್ಣಲ್ಲಿ ನೀರು ಬಂತು.

ಎರಡನೆಯ ಸಲ ಕಾದೆ. ದಿನಾ ತೊಟ್ಟಿ ಪರೀಕ್ಷಿಸಿದೆ, ಪುಡಿಯ ಅಂಶ ಪೂರ್ತಿ ಇಳಿದ ಮೇಲೆ ಸುರಿದೆ. ಒಂದು ವಾರ ಏನೂ ಇಲ್ಲ. ಹನ್ನೆರಡನೆಯ ದಿನ ಸೂಕ್ಷ್ಮದರ್ಶಕದ ಕೆಳಗೆ ಒಂದು ಸಣ್ಣದು ಅಲುಗಾಡಿತು. ದಾರದ ತುದಿಗೆ ಗಂಟೆ ಕಟ್ಟಿದ ಹಾಗಿರುತ್ತದಲ್ಲ, ನೀನು ಒಂದೇ ಒಂದು ದಿನ ಒಳಗೆ ಬಂದು ಇಣುಕಿ ನೋಡಿ “ಅಯ್ಯೋ ಇದು ಮುದ್ದಾಗಿದೆ ಕಣೇ” ಅಂದಿದ್ದೆಯಲ್ಲ, ಅದು. ಒಂದೇ ಒಂದು. ನಾನು ಕೋಣೆಯಲ್ಲಿ ಕುಣಿದಾಡಿಬಿಟ್ಟೆ. ಯಾರಿಗಾದರೂ ಹೇಳಬೇಕು ಎಂದು ಫೋನ್ ಎತ್ತಿಕೊಂಡೆ. ನೀನು ಕಟ್ ಮಾಡಿದೆ. ಬೆಕ್ಕಿಗೆ ಹೇಳಿದೆ.

ಈಗ ತೊಟ್ಟಿಯ ಹತ್ತಿರ ನಿಂತರೆ ಮೊದಲ ಮಳೆಗೆ ನೆನೆದ ಮಣ್ಣಿನ ವಾಸನೆ ಬರುತ್ತದೆ. ಆಣೆ ಮಾಡಿ ಹೇಳುತ್ತೇನೆ, ಮೂಗು ಮುಚ್ಚಬೇಕಾಗಿಲ್ಲ.

ಇನ್ನು ಘಟಕದಲ್ಲೇ ನಡೆದ ಮೊನ್ನೆಯ ಸಭೆ. ಇದನ್ನು ಹೇಳಲಿಕ್ಕೇ ಇಷ್ಟೆಲ್ಲ ಬರೆದದ್ದು.

ದಿಬ್ಬ ತೆರೆಯುತ್ತದೆ ಎಂದು ತಾತ ಎಲ್ಲರ ಮುಂದೆ ವರದಿ ಓದಿದ. ಚಪ್ಪಾಳೆಯೋ ಚಪ್ಪಾಳೆ. “ಈ ಹುಡುಗಿ ಒಬ್ಬಳೇ ಹೆಣಗಾಡಿ ತೊಟ್ಟಿ ಎಬ್ಬಿಸಿದಳು” ಎಂದು ನನ್ನನ್ನು ಮುಂದೆ ಕರೆದರು. ಚಿಪ್ಪಿನ ಹೆಂಗಸರಲ್ಲಿ ಯಾರೋ, “ಅಕ್ಕ ಕೆಡಿಸಿದ್ದನ್ನ ತಂಗಿ ಸರಿ ಮಾಡಿದ್ಲು” ಅಂದರು. ಅಷ್ಟು ಕೇಳಿದ್ದೇ ತಡ, ನನಗೆ ತಡೆಯಲಿಕ್ಕೆ ಆಗಲಿಲ್ಲ. ಎದ್ದು ನಿಂತು ಎಲ್ಲ ಹೇಳಿಬಿಟ್ಟೆ. ನಾನು ಬಸ್ಸಿಗೆ ಓಡುತ್ತ ಅಂದ ಮಾತು ಏನು, ಸಭೆಯಲ್ಲಿ ನೀನು ನನ್ನ ಮುಖ ನೋಡಿ ಸುಳ್ಳು ಹೇಳಿದ್ದು ಯಾಕೆ, ಎಲ್ಲ.

ಮೊದಲು ಬಾಯಿ ಬಿಟ್ಟವಳು ನಿನ್ನ ಜೊತೆ ದಿಬ್ಬಕ್ಕೆ ಬರುತ್ತಿದ್ದ ಆ ದೊಡ್ಡ ಗಂಟಲಿನವಳು. “ಅಯ್ಯೋ ನಿನ್ನ! ಹದಿನಾಲ್ಕು ತಿಂಗಳು ನಾವು ಆ ತಾಯಿಗೆ ಬೈಕೊಂಡು ಓಡಾಡಿದ್ವಲ್ಲೇ, ಅಷ್ಟು ದಿನ ನಿನ್ನ ಬಾಯಿಗೆ ಏನು ಬಡಿದಿತ್ತು?” ಅಂದಳು. ಹೆದರಿಕೆ ಅಂದೆ. ಕೆಲಸ ಹೋಗುತ್ತದೆ ಅನ್ನುವ ಹೆದರಿಕೆ, ಅದಕ್ಕಿಂತ ಹೆಚ್ಚು, ಊರು ತೊಳೆಯುವವಳ ಕೈಯೇ ಕೊಳೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ ಅನ್ನುವ ಹೆದರಿಕೆ.

ತಾತ ಕನ್ನಡಕ ತೆಗೆದು ಒರೆಸಿಕೊಂಡ. “ಬೀಗದ ಕೈ ಮೇಜಿನ ಮೇಲೆ ಇಟ್ಟು ಹೊರಗೆ ನಿಲ್ಲಮ್ಮ” ಅಂದ. ಇಟ್ಟು ಬಂದು ತೊಟ್ಟಿಯ ಕಟ್ಟೆಗೆ ಒರಗಿ ನಿಂತೆ. ಗುಳುಗುಳು ಎಂದು ಗುಳ್ಳೆ ಏಳುತ್ತಿತ್ತು. ಇವುಗಳಿಗೆ ನಾಳೆ ಯಾರು ಗಾಳಿ ಹಾಕುತ್ತಾರೋ ಅನ್ನಿಸಿತು. ಆದರೆ ನೀನು ನಂಬು ಬಿಡು, ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಎದೆ ಹಗುರವಾಗಿತ್ತು.

ಒಳಗೆ ಕರೆದಾಗ ಮೇಜಿನ ಮೇಲೆ ಒಂದಿದ್ದ ಬೀಗದ ಕೈ ಎರಡಾಗಿತ್ತು. ಸಮಿತಿಯ ಪೆಟ್ಟಿಗೆಯಲ್ಲಿದ್ದ ಇನ್ನೊಂದನ್ನು ತಾತ ತೆಗೆದಿಟ್ಟಿದ್ದ. “ತಪ್ಪು ನಿನ್ನದು ಹೌದು, ನಮ್ಮದೂ ಹೌದು. ಇಂಥ ಜಾಗವನ್ನ ಒಬ್ಬಳ ಕೈಗೆ ಕೊಟ್ಟು ಕೂತಿದ್ವಲ್ಲ, ಅವಳು ಪೇಟೆಗೆ ಹೋದ್ರೆ ಯಾರು ಅಂತ ಯೋಚನೆ ಮಾಡಿದ್ವಾ? ಇನ್ಮೇಲೆ ಇಲ್ಲಿ ಇಬ್ಬರು ಕೆಲಸಕ್ಕಿರಬೇಕು. ಇನ್ನೊಬ್ಬರು ಯಾರು, ನೀನೇ ಹೇಳು” ಅಂದ. ನಾನು ನಿನ್ನ ಹೆಸರು ಹೇಳಿದೆ.

ಗೊಳ್ಳೆಂದು ನಗು. “ಅವಳಾ! ಮತ್ತೆ ಎರಡು ಚೀಲ ತಂದ್ರೆ?” ಎಂದು ಹಿಂದಿನಿಂದ ಯಾರೋ ಕೂಗಿದರು. ತಾತ ಮಾತ್ರ ನಗಲಿಲ್ಲ. “ಇಡೀ ಊರಲ್ಲಿ ಈ ತೊಟ್ಟಿಗೆ ಪುಡಿ ಹಾಕಬಾರದು ಅಂತ ಖಡಾಖಂಡಿತವಾಗಿ ಗೊತ್ತಿರೋದು ಅವಳೊಬ್ಬಳಿಗೇ” ಅಂದ. ಅಲ್ಲಿಗೆ ಆ ಮಾತು ಮುಗಿಯಿತು.

ದಿಬ್ಬದ ವಿಷಯವನ್ನೂ ಹೆಂಗಸರೇ ತೀರ್ಮಾನ ಮಾಡಿಕೊಂಡರು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ನೀರು ಇಳಿಯುತ್ತದೆ. ಕೆಂಪು ಹಲಗೆ ಕಿತ್ತ ಮೇಲೆ ಮೊದಲು ಕೈ ಹಾಕುವವಳು ನೀನೇ ಅಂತೆ. ಹೆಬ್ಬೆರಳಿಗೆ ಹಿಡಿದು ಅಳೆದು, ಬೆರಳಿಗಿಂತ ಸಣ್ಣ ಚಿಪ್ಪನ್ನೆಲ್ಲ ವಾಪಸ್ ಹಾಕಿಸುತ್ತಿದ್ದೆಯಲ್ಲ, ಆಗ ನಿನ್ನನ್ನು ಬೈಯುತ್ತಿದ್ದವರೇ ಈಗ, “ಅವಳ ಹೆಬ್ಬೆರಳು ಇಲ್ಲದೆ ನಾವು ಶುರು ಮಾಡಲ್ಲ” ಅನ್ನುತ್ತಿದ್ದಾರೆ. ಬೆಳಿಗ್ಗೆ ದಿಬ್ಬಕ್ಕೆ ಹೋಗು, ಬುಟ್ಟಿ ಇಳಿಸಿ ಇಲ್ಲಿಗೆ ಬಾ. ಮಧ್ಯಾಹ್ನದಿಂದ ಈ ಕೋಣೆಯಲ್ಲಿ ನನ್ನ ಜೊತೆ ಜಗಳ ಆಡಿಕೊಂಡಿರು. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸದಲ್ಲಿ ನಿನ್ನ ಕೈಯೆಲ್ಲ ಬಿರಿದಿದೆ ಎಂದು ಚಿಕ್ಕಮ್ಮ ಹೇಳಿದಳು. ಅಲ್ಲೂ ಅದೇ ಪುಡಿ ತಾನೇ? ಸಾಕು ಅಕ್ಕ, ಬಾ.

ಕ್ಷಮಿಸು ಎಂದು ಇಲ್ಲಿಯವರೆಗೂ ಬರೆದಿಲ್ಲ, ಗಮನಿಸಿದೆಯಾ? ಬರೆಯಲು ಹೋದಾಗಲೆಲ್ಲ ಪೆನ್ನು ನಿಂತಿತು. ಆ ಮಾತನ್ನು ಬೀದಿಯಲ್ಲಿ ನಿಂತು ಅಂದೆ, ಇದನ್ನೂ ಅದೇ ಬೀದಿಯಲ್ಲಿ, ಅದೇ ಗಂಟಲಲ್ಲಿ, ಎಲ್ಲರೂ ಕೇಳುವ ಹಾಗೆ ಹೇಳಬೇಕು ಅಂದುಕೊಂಡಿದ್ದೇನೆ. ಅದಕ್ಕೆ ನೀನು ಎದುರಿಗೆ ಇರಬೇಕು.

ಜಾಡಿಯ ಅರ್ಧ ಗಂಟೆ ಆಯಿತು. ಕೆಸರು ಕಂದು ಬಣ್ಣದಲ್ಲಿ ತಣ್ಣಗೆ ತಳ ಹಿಡಿದಿದೆ. ಈ ಕಾಗದದ ಮೊದಲ ಹಾಳೆಯನ್ನು ಜಾಡಿಯ ಹಿಂದೆ ಹಿಡಿದು ನೋಡಿದೆ. ನೀರಿನೊಳಗಿಂದ ‘ಅಕ್ಕ’ ಎಂದು ಸ್ಪಷ್ಟವಾಗಿ ಓದಲು ಬಂತು.

ಲಕೋಟೆಯಲ್ಲಿ ಎರಡನೆಯ ಬೀಗದ ಕೈ ಇಟ್ಟಿದ್ದೇನೆ. ಅದು ನಿನ್ನದು. ಬೇಡ ಅನ್ನಿಸಿದರೆ ಅಂಚೆಯಲ್ಲಿ ವಾಪಸ್ ಕಳಿಸಬೇಡ, ಕಳೆದುಹೋದರೆ ತಾತನಿಗೆ ಉತ್ತರ ಹೇಳುವವರು ಯಾರು? ನೀನೇ ತಂದು ನನ್ನ ಮುಖದ ಮೇಲೆ ಎಸೆದು ಹೋಗು. ಸೋಮವಾರ ಮೊದಲನೆಯ ಬಸ್ಸಿಗೆ ಬಂದರೆ ಎಸೆಯಲಿಕ್ಕೂ ಸರಿಹೋಗುತ್ತದೆ, ನೀರು ಇಳಿಯುವುದಕ್ಕೂ ಸರಿಹೋಗುತ್ತದೆ.

ನಿನ್ನ ಬಿರಿದ ಕೈಗಳು ಬೇಗ ಮಾಯಲಿ, ನಿನ್ನ ಬುಟ್ಟಿ ದಿನಾ ತುಂಬಲಿ, ನನ್ನನ್ನು ಬೈಯುವ ಶಕ್ತಿ ನಿನಗೆ ನೂರು ವರ್ಷ ಇರಲಿ. ಬರುವಾಗ ಏನೂ ತರಬೇಡ. ಪುಡಿಯನ್ನಂತೂ ತರಲೇಬೇಡ.

ಬಸ್ಸು ನಿಲ್ಲುವ ಕಡೆ ಕಾದಿರುವ,
ನೀನು ಕೈ ಹಾಕಿ ಉಳಿಸಿಕೊಂಡ ತಂಗಿ